ಹಳಿ ದಾಟುವ ಕಾಲುದಾರಿ ಮುಚ್ಚಿದ ಮೇಲೆ ನಾವು ಓಡಾಡಿದ್ದು

ನಮ್ಮ ಊರಿನವರು ತಲೆಮಾರುಗಳಿಂದ ರೈಲು ಹಳಿ ದಾಟುತ್ತಿದ್ದ ಕಾಲುದಾರಿಯನ್ನು ಮುಚ್ಚಿದ್ದರು. ಅದಕ್ಕೆ ಬದಲಾಗಿ ಈಗ ಹಳಿಯ ಕೆಳಗೆ ಒಂದು ದಾರಿ ಸಿಕ್ಕಿದೆ. ಒಂದು ಮಳೆಗಾಲದಲ್ಲಿ ಶುರುವಾದ ಓಡಾಟ ಇನ್ನೊಂದು ಮಳೆಗಾಲ ಕಳೆದು ಮುಗಿಯಿತು. ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಕೇಳಬೇಕು ಅಂತ ಮೊದಲೇ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಬ್ರಾಂಚ್ ಲೈನ್ ಪಕ್ಕದ ಬೇರೆ ಊರುಗಳಲ್ಲೂ ಇದೇ ಕಷ್ಟ ಇದೆ. ಅದಕ್ಕೇ ನಡೆದದ್ದನ್ನು ಬರೆದಿಡುತ್ತಿದ್ದೇನೆ. ಊರು, ಕಚೇರಿಗಳ ಹೆಸರು ಹಾಕುವುದಿಲ್ಲ. ಅವಿಲ್ಲದಿದ್ದರೂ ನಿಮ್ಮ ಕೆಲಸಕ್ಕೆ ತೊಂದರೆಯಿಲ್ಲ.

ನಮ್ಮದು ಮಲೆನಾಡಿನ ಸೆರಗಿನ ಊರು. ಲೈನ್ ಮೈಸೂರು ಸಂಸ್ಥಾನದ ಕಾಲದ್ದು, ಆಗ ಮೀಟರ್ ಗೇಜ್. ಹಳಿಯ ಈಚೆ ಮನೆಗಳು. ಆಚೆ ಗದ್ದೆ, ಅಡಿಕೆ ತೋಟ, ಶಾಲೆ, ಹಾಲಿನ ಡೈರಿ, ಬಸ್ ನಿಲ್ಲುವ ಜಾಗ. ಹಳಿಯ ಎರಡೂ ಪಕ್ಕ ಜೋಡಿ ಕಲ್ಲುಕಂಬ ಇದ್ದವು. ನಡುವೆ ಒಬ್ಬ ಮನುಷ್ಯನೋ ಒಂದು ದನವೋ ನುಗ್ಗುವಷ್ಟು ಸಂದು. ಗೇಟಿಲ್ಲ, ಕಾವಲಿಲ್ಲ. ರೈಲು ಅಪರೂಪ, ಬಂದರೂ ನಿಧಾನ. ಬರುವ ಸದ್ದು ಮೊದಲೇ ಕೇಳುತ್ತಿತ್ತು.

ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರಲು 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆ ನಮ್ಮ ಲೈನಿಗೆ ತಡವಾಗಿ ಬಂತು. 1000 ಮಿಲಿಮೀಟರ್ ಇದ್ದ ಹಳಿಯ ಅಗಲ 1676 ಆಯಿತು, ಅಂದರೆ ಬ್ರಾಡ್‌ಗೇಜ್. ಹಳಿಯ ಕೆಳಗಿನ ಮಣ್ಣಿನ ಏರಿ ಎತ್ತರವಾಯಿತು, ಜಲ್ಲಿ ಜಾಸ್ತಿ ಬಿತ್ತು. ಆಮೇಲೆ ಮೇಲೆ 25,000 ವೋಲ್ಟಿನ ತಂತಿ ಬಂತು, ರೈಲಿನ ವೇಗ ಏರಿತು. ಇಷ್ಟೆಲ್ಲ ಆದರೂ ಜನ ಅದೇ ಸಂದಿಯಲ್ಲಿ ದಾಟುತ್ತಿದ್ದರು. ಕೊನೆಗೆ ಒಂದು ದಿನ ಕಲ್ಲುಕಂಬಗಳ ನಡುವೆ ಹಳೆಯ ಹಳಿಯ ತುಂಡುಗಳನ್ನು ನೆಟ್ಟು ಅಡ್ಡಕ್ಕೆ ಬೆಸುಗೆ ಹಾಕಿದರು. ಇಲ್ಲಿ ದಾಟುವುದು ಅಪರಾಧ ಅಂತ ಪಕ್ಕದಲ್ಲೇ ಬೋರ್ಡು ನಿಂತಿತು. ಗೇಟ್ ಇರುವ ಕಡೆಯಿಂದ ಸುತ್ತಿ ಬಂದರೆ ಎರಡು ಮೈಲಿ ಆಗುತ್ತದೆ. ಹಾಲಿನ ಕ್ಯಾನ್ ಹೊತ್ತವರಿಗೆ, ಶಾಲೆಯ ಮಕ್ಕಳಿಗೆ ಅದು ಬಲು ದೂರ.

ಊರಲ್ಲಿ ಸಿಟ್ಟು ಎದ್ದಿತು. ರಾತ್ರಿ ಹೋಗಿ ಕಿತ್ತು ಹಾಕೋಣ ಅಂತ ಹುಡುಗರು ಮಾತಾಡಿಕೊಂಡರು. ನಿಮ್ಮೂರಲ್ಲೂ ಈ ಮಾತು ಬಂದೇ ಬರುತ್ತದೆ. ದಯವಿಟ್ಟು ತಡೆಯಿರಿ. ರೈಲ್ವೆ ಕಾಯ್ದೆ, 1989ರ 147ನೇ ಸೆಕ್ಷನ್ ಪ್ರಕಾರ ಹಳಿಯ ಮೇಲೆ ಅತಿಕ್ರಮವಾಗಿ ನಡೆದರೇ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಡ್ಡಗಟ್ಟೆ ಮುರಿದರೆ ಕೇಸು ಇನ್ನೂ ದೊಡ್ಡದು. ಒಮ್ಮೆ ಕೇಸು ಬಿದ್ದರೆ ನಿಮ್ಮ ಅರ್ಜಿಯನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ.

ಮುಚ್ಚಿದ್ದು ತಪ್ಪಲ್ಲ ಅಂತ ಊರಿನ ಸಭೆಯಲ್ಲೇ ನಾನು ಹೇಳಿದೆ. ಬೈಸಿಕೊಂಡೆ. ಈಗಲೂ ಅದನ್ನೇ ಹೇಳುತ್ತೇನೆ. ಲೆವೆಲ್ ಕ್ರಾಸಿಂಗ್‌ಗೆ 600 ಮೀಟರ್ ಮೊದಲೇ ಹಳದಿ ಸೀಟಿ ಬೋರ್ಡು ಇರುತ್ತದಲ್ವಾ, ಲೋಕೋ ಪೈಲಟ್ ಅಲ್ಲಿಂದ ಹಾರ್ನ್ ಹೊಡೆಯುತ್ತಾರೆ. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಆ 600 ಮೀಟರ್ ದಾಟಲು ಬೇಕಾಗುವುದು ಹೆಚ್ಚೆಂದರೆ 22 ಸೆಕೆಂಡು. ನಮ್ಮಲ್ಲಿ ಒಂದು ಕಡೆ ಗುಡ್ಡ ಕಡಿದ ತಿರುವು ಇದೆ. ಅಲ್ಲಿಂದ ರೈಲು ಕಣ್ಣಿಗೆ ಬೀಳುವಾಗ ಇನ್ನೂರು ಮೀಟರ್ ಕೂಡ ಇರುವುದಿಲ್ಲ. ಅಂದರೆ ಏಳು ಸೆಕೆಂಡು. ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಜಲ್ಲಿ ಹತ್ತಿ, ಹಳಿ ದಾಟಿ, ಇಳಿಯಲು ನಮ್ಮ ದೊಡ್ಡಮ್ಮನಿಗೆ ಅದರ ಎರಡರಷ್ಟು ಹೊತ್ತು ಬೇಕು. ಕರೆಂಟಿನ ಎಂಜಿನ್‌ಗೆ ಡೀಸೆಲ್‌ನಷ್ಟು ಸದ್ದೂ ಇಲ್ಲ.

ನನಗೆ ಇನ್ನೂ ಹೆದರಿಕೆ ಇದ್ದದ್ದು ದೋಟಿಯ ಬಗ್ಗೆ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲಿನ ಬಗ್ಗೆ. ಅಡಿಕೆ ಕೊನೆ (ಗೊನೆ) ಇಳಿಸುವ ಕಾಲದಲ್ಲಿ ಹುಡುಗರು ಕಾರ್ಬನ್ ಫೈಬರ್ ದೋಟಿ ಹೆಗಲ ಮೇಲಿಟ್ಟುಕೊಂಡು ದಾಟುತ್ತಿದ್ದರು. ಅದು ಬಿದಿರಿನ ಹಾಗಲ್ಲ, ಅದರಲ್ಲಿ ಕರೆಂಟು ಹರಿಯುತ್ತದೆ. ಏರಿ ಹತ್ತುವಾಗ ಹಿಂದಿನ ತುದಿ ಕೆಳಗೆ ಹೋಗಿ ಮುಂದಿನ ತುದಿ ತಾನಾಗಿ ಮೇಲೇಳುತ್ತದೆ. ಮೇಲೆ ತಂತಿ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸಾಕು. ಹಳಿ ದಾಟುವವರ ಸಾವು ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಅಂತ 2012ರಲ್ಲಿ ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ ವರದಿ ಕೊಟ್ಟಿತ್ತು. ಆ ಲೆಕ್ಕದಲ್ಲಿ ನಮ್ಮೂರಿನ ಹೆಸರು ಸೇರಬಾರದು ಅಲ್ವಾ. ಹಾಗಾಗಿ ‘ಮೊದಲಿನ ಹಾಗೆ ಬಿಡಿ’ ಅಂತ ಕೇಳುವುದು ಬೇಡ, ‘ಅಪಾಯ ಇಲ್ಲದ ಬೇರೆ ದಾರಿ ಕೊಡಿ’ ಅಂತ ಕೇಳೋಣ ಅಂತ ತೀರ್ಮಾನ ಆಯಿತು.

ಮೊದಲ ಅರ್ಜಿಗೆ ಬಂದ ಉತ್ತರ ನಾಲ್ಕು ಸಾಲಿನದು. ಆ ಜಾಗದಲ್ಲಿ ಅಧಿಕೃತ ದಾರಿ ಯಾವುದೂ ಇಲ್ಲ, ಇಲ್ಲದ ದಾರಿಗೆ ಬದಲಿ ಕೊಡುವ ಪ್ರಶ್ನೆ ಬರುವುದಿಲ್ಲ. ಓದಿದಾಗ ಕೈ ನಡುಗಿತು. ನನ್ನ ಅಜ್ಜನ ಹೆಣ ಹೋದದ್ದು ಅದೇ ದಾರಿಯಲ್ಲಿ. ಆದರೆ ಕಚೇರಿಗೆ ನೆನಪು ಸಾಕ್ಷಿ ಆಗುವುದಿಲ್ಲ. ಕಾಗದ ಬೇಕು.

ಕಾಗದ ಎಲ್ಲಿ ಸಿಗುತ್ತದೆ ಅನ್ನುವುದೇ ಈ ಬರಹದ ಮುಖ್ಯ ಭಾಗ. ಸ್ವಲ್ಪ ಉದ್ದ ಆಗುತ್ತದೆ.

ಮೊದಲನೆಯದು ಗ್ರಾಮ ನಕಾಶೆ. ಭೂದಾಖಲೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಹಳ್ಳಿಗಳ ನಕಾಶೆ ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಕಚೇರಿಗೆ ಕೊಡಲು ಸರ್ವೆ ಇಲಾಖೆಯ ದೃಢೀಕೃತ ನಕಲೇ ಬೇಕು, ಅದನ್ನು ಅರ್ಜಿ ಹಾಕಿ ತೆಗೆದುಕೊಳ್ಳಿ. ನಕಾಶೆಯಲ್ಲಿ ಕಾಲುದಾರಿಯನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ನಮ್ಮ ನಕಾಶೆಯಲ್ಲಿ ಆ ಗೆರೆ ಊರಿನಿಂದ ಹೊರಟು ಹಳಿಯ ಪಟ್ಟಿಗೆ ಬಂದು ನಿಂತು, ಆಚೆಯಿಂದ ಅದೇ ನೇರಕ್ಕೆ ಮುಂದುವರಿದಿತ್ತು. ಅದನ್ನು ನೋಡಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಇಟ್ಟುಕೊಂಡು ಸ್ಥಳದಲ್ಲೇ ನಿಂತು ಸರ್ವೆ ನಂಬರ್ ತಾಳೆ ನೋಡಿಕೊಳ್ಳಿ. ಒಂದು ಮಾತು: ಖಾಸಗಿ ಜಮೀನಿನಲ್ಲಿ ನಕಾಶೆ ಕಂಡ ದಾರಿ ಮುಚ್ಚಿದ್ದರೆ ತಹಸೀಲ್ದಾರರು ಬಿಡಿಸಿಕೊಡಬಹುದು. ರೈಲ್ವೆ ಜಾಗದೊಳಗೆ ಅವರ ಮಾತು ನಡೆಯುವುದಿಲ್ಲ. ಅಲ್ಲಿ ನಕಾಶೆ ಬರೀ ಸಾಕ್ಷಿ.

ಎರಡನೆಯದು ರೈಲ್ವೆಯದೇ ದಾಖಲೆ. ಇದಕ್ಕೆ ಮಾಹಿತಿ ಹಕ್ಕು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ. ರೈಲ್ವೆ ಕೇಂದ್ರ ಸರ್ಕಾರದ್ದು, ಹಾಗಾಗಿ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ನಾನು ಕೇಳಿದ್ದು ಮೂರು: ಆ ಜಾಗದ ರೈಲ್ವೆ ಲ್ಯಾಂಡ್ ಪ್ಲಾನ್, ಲೆವೆಲ್ ಕ್ರಾಸಿಂಗ್ ರಿಜಿಸ್ಟರಿನ ಸಂಬಂಧಪಟ್ಟ ಪುಟ, ಮುಚ್ಚಲು ಅನುಮತಿ ಕೊಟ್ಟ ಕಡತ. ಜಾಗ ಹೇಳುವಾಗ ‘ಹುಣಸೆ ಮರದ ಹತ್ತಿರ’ ಅಂತೆಲ್ಲ ಬರೆದರೆ ಅವರಿಗೆ ತಿಳಿಯುವುದಿಲ್ಲ. ಕರೆಂಟ್ ತಂತಿಯ ಕಂಬಗಳ ಮೇಲೆ ಗೆರೆಯ ಮೇಲೊಂದು, ಕೆಳಗೊಂದು ಸಂಖ್ಯೆ ಬರೆದಿರುತ್ತಾರೆ. ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅಂತ. ಎರಡು ಕಂಬಗಳ ನಂಬರ್ ಬರೆದು ‘ಇವುಗಳ ನಡುವೆ’ ಅನ್ನಿ. ಆಮೇಲೆ ಯಾರೂ ನಿಮ್ಮನ್ನು ಅಲೆಸಲು ಆಗುವುದಿಲ್ಲ. ನಂಬರ್ ನೋಡಲು ಹಳಿಯ ಮೇಲೆ ಹೋಗಬೇಡಿ, ಪಕ್ಕದ ಗದ್ದೆಯ ಬದುವಿನಿಂದಲೇ ಕಾಣುತ್ತದೆ.

ಮೊದಲ ಉತ್ತರದಲ್ಲಿ ‘ದಾಖಲೆ ಲಭ್ಯವಿಲ್ಲ’ ಅಂತ ಬಂತು. ಬೇಜಾರಾಗಿ ಕೂರಬೇಡಿ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ಮೇಲ್ಮನವಿಯಲ್ಲಿ ನಾನು ನಕಲು ಕೇಳುವುದರ ಜೊತೆಗೆ ಕಡತವನ್ನು ಕೂತು ನೋಡಲು ಅವಕಾಶ ಕೊಡಿ ಅಂತಲೂ ಬರೆದೆ. ಕಾಯ್ದೆಯಲ್ಲೇ ಆ ಹಕ್ಕು ಇದೆ. ಮೊದಲ ಒಂದು ಗಂಟೆಗೆ ದುಡ್ಡಿಲ್ಲ, ಆಮೇಲೆ ಗಂಟೆಗೆ 5 ರೂಪಾಯಿ. ನಕಲು ಬೇಕಾದರೆ ಪುಟಕ್ಕೆ 2 ರೂಪಾಯಿ. ಇಷ್ಟು ಅಗ್ಗದ ಹಕ್ಕನ್ನು ನಮ್ಮ ಹಳ್ಳಿಗಳಲ್ಲಿ ಬಳಸುವವರೇ ಕಡಿಮೆ.

ಕಡತ ನೋಡಲು ಕರೆದ ದಿನ ನನ್ನ ಜೊತೆ ಡೈರಿ ಕಾರ್ಯದರ್ಶಿ ಬಂದಿದ್ದರು. ಮೇಜಿನ ಮೇಲೆ ಬಿಚ್ಚಿದ ಲ್ಯಾಂಡ್ ಪ್ಲಾನ್ ಬಟ್ಟೆಗೆ ಅಂಟಿಸಿದ್ದು, ಮಡಿಕೆಗಳ ಹತ್ತಿರ ಬಣ್ಣ ಹೋಗಿತ್ತು. ಹಳಿಯ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ, ಪಕ್ಕದಲ್ಲಿ ಕೈಬರಹದಲ್ಲಿ ‘ಡಿ’ ಅಂತ ಒಂದು ಅಕ್ಷರ. ಅಲ್ಲಿದ್ದ ಗುಮಾಸ್ತರೇ ವಿವರಿಸಿದರು. ಲೆವೆಲ್ ಕ್ರಾಸಿಂಗ್‌ಗಳಲ್ಲಿ ಸ್ಪೆಷಲ್, ಎ, ಬಿ, ಸಿ ಅಂತ ದರ್ಜೆಗಳಿವೆ, ಅವು ಗಾಡಿಗಳಿಗೆ. ಡಿ ದರ್ಜೆ ಅಂದರೆ ದನಕರು, ಕಾಲ್ನಡಿಗೆಯವರು ದಾಟುವ ಜಾಗ. ಅಂದರೆ ನಮ್ಮ ಸಂದು ಹಿಂದೆ ರೈಲ್ವೆಯ ಲೆಕ್ಕದಲ್ಲೇ ಇತ್ತು. ಕಾರ್ಯದರ್ಶಿ ಏನೂ ಮಾತಾಡದೆ ನನ್ನ ಭುಜ ಒತ್ತಿದರು.

ಆ ಖುಷಿ ಸ್ವಲ್ಪ ಹೊತ್ತು ಮಾತ್ರ. ಕೆಳಗಿನ ಹಾಳೆಯಲ್ಲಿ ಗ್ರಾಮ ಪಂಚಾಯಿತಿ ಕೊಟ್ಟ ಹಳೆಯ ಪತ್ರ ಇತ್ತು. ಗೇಜ್ ಬದಲಾಗುವಾಗ ಹತ್ತಿರದ ಬಂಡಿ ಗೇಟೊಂದನ್ನು ಮುಚ್ಚಲು ಅಭ್ಯಂತರ ಇಲ್ಲ ಅಂತ ಬರೆದಿದ್ದರು. ಅದೇ ವಾಕ್ಯದ ಕೊನೆಯಲ್ಲಿ ‘ಹಾಗೂ ಅಕ್ಕಪಕ್ಕದ ಕಾಲುದಾರಿಗಳು’ ಅಂತ ಮೂರು ಪದ ಸೇರಿತ್ತು. ಊರಿನ ಯಾರಿಗೂ ಅದು ಗೊತ್ತಿರಲಿಲ್ಲ. ಗ್ರಾಮಸಭೆಯಲ್ಲಿ ಓದಿದ ದಾಖಲೆಯೂ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಮಾತು ಹೊರಡಲಿಲ್ಲ. ನಿಮ್ಮ ಪಂಚಾಯಿತಿಗೆ ರೈಲ್ವೆಯಿಂದ ‘ಅಭಿಪ್ರಾಯ ಕೋರಿ’ ಪತ್ರ ಬಂದರೆ ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಬದಲಿ ದಾರಿ ಏನು ಅಂತ ಬರೆಸಿಕೊಳ್ಳದೆ ಒಪ್ಪಿಗೆ ಕೊಡಬೇಡಿ. ಬ್ರಾಡ್‌ಗೇಜ್ ಲೈನ್‌ಗಳಲ್ಲಿ ಕಾವಲಿಲ್ಲದ ಗೇಟುಗಳೆಲ್ಲ 2019ರ ಜನವರಿ ಹೊತ್ತಿಗೇ ಮುಗಿದವು. ಕಾವಲಿರುವ ಗೇಟುಗಳನ್ನೂ ಒಂದೊಂದಾಗಿ ಮುಚ್ಚಿ ಅಂಡರ್‌ಪಾಸ್ ಮಾಡುತ್ತಿದ್ದಾರೆ. ಹಾಗಾಗಿ ಇಂಥ ಪತ್ರಗಳು ಬರುತ್ತಲೇ ಇರುತ್ತವೆ.

ಪಿಡಿಒ ಹೊಸಬರು. ಪತ್ರದ ನಕಲು ತೋರಿಸಿದಾಗ ಅವರೇ ವಿಶೇಷ ಗ್ರಾಮಸಭೆ ಕರೆದರು. ಹೊಸ ಠರಾವು ಆಯಿತು. ಅದರಲ್ಲಿ ಏನು ಕೇಳಬೇಕು ಅನ್ನುವುದಕ್ಕೇ ಜಗಳ ಆಗುವಷ್ಟು ಚರ್ಚೆ.

ಹೊಸ ಲೆವೆಲ್ ಕ್ರಾಸಿಂಗ್ ಕೊಡುವುದಿಲ್ಲ ಅನ್ನುವುದು ರೈಲ್ವೆಯ ನೀತಿ, ಅದನ್ನು ಕೇಳಿ ಪ್ರಯೋಜನ ಇಲ್ಲ. ಮೇಲ್ಸೇತುವೆ ಬೇಕು ಅಂತ ಕೆಲವರು. ಕರೆಂಟ್ ತಂತಿ ದಾಟಿ ಮೇಲೆ ಹೋಗಬೇಕು, ಹಾಗಾಗಿ ಮೆಟ್ಟಿಲು ಬಹಳ. ದನ ಹತ್ತುವುದಿಲ್ಲ, ಮೊಣಕಾಲು ನೋವಿನವರೂ ಹತ್ತುವುದಿಲ್ಲ. ನಾಲ್ಕು ದಿನ ಹತ್ತಿ ಐದನೇ ದಿನ ಮತ್ತೆ ಹಳಿಯ ಮೇಲೇ ನಡೆಯುತ್ತಾರೆ. ಹೊಸದಾಗಿ ಬಾಕ್ಸ್ ಅಂಡರ್‌ಪಾಸ್ (ಹಳಿಯ ಕೆಳಗೆ ಕಾಂಕ್ರೀಟ್ ಪೆಟ್ಟಿಗೆಯಂಥ ದಾರಿ) ಮಾಡಿಸೋಣ ಅಂದರೆ ದುಡ್ಡು ಯಾರದು? ರೈಲ್ವೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಹಳಿಯಿಂದ ಅಡ್ಡಿಯಾದ ಜಮೀನಿನವರಿಗೆ ದಾರಿ, ಮೋರಿ ಮಾಡಿಕೊಡುವುದು ರೈಲ್ವೆಯ ಹೊಣೆ. ಆದರೆ ಲೈನ್ ಸಂಚಾರಕ್ಕೆ ತೆರೆದು ಹತ್ತು ವರ್ಷ ಆದ ಮೇಲೆ ಹೆಚ್ಚುವರಿ ಕೆಲಸವನ್ನು ಅವರು ತಮ್ಮ ಖರ್ಚಿನಲ್ಲಿ ಮಾಡಬೇಕಾಗಿಲ್ಲ. 17ನೇ ಸೆಕ್ಷನ್ ಪ್ರಕಾರ ಜಮೀನಿನವರೋ ರಾಜ್ಯ ಸರ್ಕಾರವೋ ಪಂಚಾಯಿತಿಯೋ ದುಡ್ಡು ಕಟ್ಟಿ ಮಾಡಿಸಿಕೊಳ್ಳಬಹುದು. ಡಿಪಾಸಿಟ್ ವರ್ಕ್ ಅನ್ನುತ್ತಾರೆ. ಓಡುವ ಲೈನ್ ಕೆಳಗೆ ಬಾಕ್ಸ್ ತಳ್ಳುವ ಕೆಲಸ ಒಂದು ಗ್ರಾಮ ಪಂಚಾಯಿತಿಯ ಕೈಗೆ ನಿಲುಕುವುದಲ್ಲ.

ದಾರಿ ತೋರಿಸಿದ್ದು ಕೀಮ್ಯಾನ್. ದಿನಾ ಸುತ್ತಿಗೆ, ಸ್ಪ್ಯಾನರ್ ಹಿಡಿದು ಹಳಿ ನೋಡುತ್ತಾ ನಡೆಯುತ್ತಾರಲ್ಲ, ಅವರು. ಬೇಲಿಯ ಹತ್ತಿರ ನೀರು ಕೇಳಲು ನಿಂತವರು ನಮ್ಮ ಮಾತು ಕೇಳಿ ಅಂದರು, “ಅಣ್ಣಾ, ನೀವು ಮೇಲೇ ದಾರಿ ಹುಡುಕ್ತಾ ಇದೀರಿ. ಕೆಳಗೆ ಮೋರಿ ಇದೆಯಲ್ಲ, ನಾನು ಬಿಸಿಲಿಗೆ ಅಲ್ಲೇ ಕೂತು ಊಟ ಮಾಡೋದು.”

ಹೌದು, ಇತ್ತು. ಹಳೆಯ ಕಲ್ಲಿನ ಕಮಾನಿನ ಮೋರಿ. ಲಂಟಾನ ಬೆಳೆದು ಬಾಯಿ ಮುಚ್ಚಿತ್ತು. ಹಳ್ಳದ ನೀರು ಹೋಗಲು ಮಾಡಿದ್ದು, ವರ್ಷದಲ್ಲಿ ಬಹುಪಾಲು ಒಣಗಿರುತ್ತದೆ. ಮೋರಿಯ ಗೋಡೆಯ ಮೇಲೆ ಸೇತುವೆ ನಂಬರ್ ಬರೆದಿತ್ತು. ಠರಾವಿನಲ್ಲಿ ಆ ನಂಬರ್ ಹಾಕಿ, ಅದರ ಮೂಲಕ ಕಾಲುದಾರಿಗೆ ಅನುಮತಿ, ರೈಲ್ವೆ ಜಾಗದಲ್ಲಿ ಮೋರಿಯವರೆಗೆ ನಡೆಯಲು ವೇ ಲೀವ್ (ಹಾದುಹೋಗುವ ಪರವಾನಗಿ) ಕೊಡಿ ಅಂತ ಕೇಳಿದೆವು. ಇಲ್ಲಿಂದ ಕೆಲಸದ ನಡೆ ಬದಲಾಯಿತು. ‘ಹಳಿ ದಾಟಲು ಬಿಡಿ’ ಅಂದಾಗ ಸುಮ್ನೆ ಇದ್ದ ಕಚೇರಿ ‘ಹಳಿ ದಾಟುವುದನ್ನು ತಪ್ಪಿಸಲು ಸಹಾಯ ಮಾಡಿ’ ಅಂದಾಗ ಕಿವಿ ಕೊಟ್ಟಿತು.

ಆದರೂ ಜಂಟಿ ಸ್ಥಳ ಪರಿಶೀಲನೆಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಮಳೆ, ಒಮ್ಮೆ ಅಧಿಕಾರಿಯ ವರ್ಗಾವಣೆ, ಒಮ್ಮೆ ಚುನಾವಣೆ. ಕೂಲಿ ಬಿಟ್ಟು ಬಂದು ಕಾದವರು ಸಂಜೆ ವಾಪಸ್ ಹೋಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತಿತ್ತು. ಈ ಹಂತದಲ್ಲಿ ಪ್ರತಿ ಸಲವೂ ಒಂದು ಚಿಕ್ಕ ಪತ್ರ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಇಂದು ಬರುವುದಾಗಿ ತಿಳಿಸಿದ್ದಿರಿ, ಕಾದೆವು, ಮುಂದಿನ ದಿನಾಂಕ ತಿಳಿಸಿ’ ಅಷ್ಟೇ. ಬೈಗುಳ ಬೇಡ. ಹೊಸ ಅಧಿಕಾರಿ ಬಂದಾಗ ಆ ಪತ್ರಗಳ ಸಾಲೇ ನಮ್ಮ ಪರವಾಗಿ ಮಾತಾಡಿತು.

ಕೊನೆಗೆ ಬಂದವರು ಕಿರಿಯ ವಯಸ್ಸಿನ ಎಂಜಿನಿಯರ್ ಮೇಡಂ. ಮೋರಿಯ ಎತ್ತರ, ಅಗಲ ಟೇಪು ಹಿಡಿದು ಅಳೆದರು. ಆಮೇಲೆ, “ಹುಲ್ಲಿನ ಹೊರೆ ಹೊತ್ತು ಒಬ್ಬರು ನಡೆದು ತೋರಿಸ್ತೀರಾ?” ಅಂದರು. ನಮ್ಮ ದೊಡ್ಡಮ್ಮ ಸೆರಗು ಸುತ್ತಿ ಸಿಂಬಿ ಮಾಡಿ ಹೊರೆ ಎತ್ತಿಸಿಕೊಂಡರು. ಕಮಾನಿನ ನಡುವೆ ಹೋಗುವಾಗ ಹುಲ್ಲಿನ ತುದಿ ಕಲ್ಲಿಗೆ ಸವರಿತು, ಆದರೆ ಬಗ್ಗಬೇಕಾಗಲಿಲ್ಲ. ಆಚೆ ಹೋಗಿ ತಿರುಗಿ ನಿಂತು, “ನೋಡಮ್ಮ, ಆಯ್ತಲ್ಲ,” ಅಂದರು. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಅವರು ಎತ್ತಿದ ತಕರಾರು ನ್ಯಾಯವಾದದ್ದೇ. ಮೋರಿಯೊಳಗೆ ಕಟ್ಟೆ ಕಟ್ಟುವಂತಿಲ್ಲ, ನೆಲ ಎತ್ತರಿಸುವಂತಿಲ್ಲ. ನೀರು ಹೋಗುವ ಜಾಗ ಕಡಿಮೆಯಾದರೆ ಹಳ್ಳ ಉಕ್ಕಿ ಏರಿಯ ಮಣ್ಣೇ ಕೊಚ್ಚಿಹೋಗಬಹುದು, ಆಗ ರೈಲಿಗೇ ಅಪಾಯ. ಕೊನೆಗೆ ಒಪ್ಪಿದ್ದು ಹೀಗೆ: ಈಗಿರುವ ಮಟ್ಟಕ್ಕೇ ಕಲ್ಲು ಹಾಸುವುದು, ಒಂದು ಪಕ್ಕ ನೀರಿಗೆ ತಗ್ಗು ಬಿಡುವುದು, ಹೊರಗಿನ ಇಳಿಜಾರಿಗೆ ಕೈಹಿಡಿ. ಹಳ್ಳ ತುಂಬಿದ ದಿನಗಳಲ್ಲಿ ಈ ದಾರಿ ಇಲ್ಲ. ಗೇಟಿಗೇ ಸುತ್ತಬೇಕು. ಆಷಾಢದ ಜಡಿಮಳೆಯಲ್ಲಿ ಮಕ್ಕಳಿಗೆ ಈಗಲೂ ಕಷ್ಟವೇ, ಅದನ್ನು ಮುಚ್ಚಿಡುವುದಿಲ್ಲ.

ಖರ್ಚಿನ ವಿಷಯ. ಕಲ್ಲು ಹಾಸುವ ಕೆಲಸ ಮತ್ತು ವೇ ಲೀವ್ ಶುಲ್ಕ ಪಂಚಾಯಿತಿ ಲೆಕ್ಕಕ್ಕೆ. ಪರವಾನಗಿ ವ್ಯಕ್ತಿಯ ಹೆಸರಿಗೆ ಬೇಡ, ಪಂಚಾಯಿತಿ ಹೆಸರಿಗೇ ಮಾಡಿಸಿ. ಅರ್ಜಿ ಹಾಕಿದವರು ಊರು ಬಿಟ್ಟರೆ ದಾರಿಯ ಗತಿ ಏನು? ನಮ್ಮ ಕೈಯಿಂದ ಹೋದದ್ದು ಬಸ್ ಚಾರ್ಜು, ಜೆರಾಕ್ಸು, ನಕಾಶೆ ನಕಲು, ರಿಜಿಸ್ಟರ್ ಪೋಸ್ಟು. ನಾಲ್ಕು ಸಾವಿರದ ಹತ್ತಿರ ಆಯಿತು, ಡೈರಿಯವರು ಅರ್ಧ ಕೊಟ್ಟರು. ಲಂಚ ಯಾರೂ ಕೇಳಲಿಲ್ಲ. ‘ಮಾಡಿಸಿಕೊಡ್ತೀನಿ’ ಅಂತ ಬಂದ ಮಧ್ಯವರ್ತಿ ಒಬ್ಬರು ದೊಡ್ಡ ಮೊತ್ತ ಹೇಳಿದರು. ಅವರು ಮಾಡುತ್ತಿದ್ದುದೂ ಇದೇ ಅರ್ಜಿಗಳನ್ನೇ, ಹಾಗಾಗಿ ಬೇಡ ಅಂದೆವು.

ಈಗ ಬೆಳಿಗ್ಗೆ ಕ್ಯಾನ್‌ಗಳು ಮೋರಿಯಲ್ಲೇ ಹೋಗುತ್ತವೆ. ಮೊದಮೊದಲು ಎಮ್ಮೆಗಳು ಒಳಗೆ ಕಾಲಿಡಲು ಹೆದರಿದವು, ಎರಡೂ ಬಾಯಿಯ ಲಂಟಾನ ಕಡಿದು ಬೆಳಕು ಬಿಟ್ಟ ಮೇಲೆ ಸರಿಯಾಯಿತು. ದೋಟಿ ಬಿಚ್ಚಿ ಅಡ್ಡ ಹಿಡಿದು ಒಯ್ಯಬೇಕು ಅಂತ ಕೊನೆ ಕೊಯ್ಯುವ ಹುಡುಗರಿಗೆ ಹೇಳಿ ಒಪ್ಪಿಸಿದ್ದೇವೆ. ಹೂಳು ತೆಗೆಸುವುದು ಪಂಚಾಯಿತಿಯ ಹೊಣೆ ಅಂತ ಪರವಾನಗಿಯಲ್ಲಿ ಬರೆದಿದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಅದು ಆಗಬೇಕು. ಇಡೀ ಕಡತದ ಒಂದು ಜೆರಾಕ್ಸ್ ಪಂಚಾಯಿತಿಯಲ್ಲಿ, ಒಂದು ಡೈರಿಯ ಬೀರುವಿನಲ್ಲಿ, ಇನ್ನೊಂದು ಶಾಲೆಯಲ್ಲಿ ಇಟ್ಟಿದ್ದೇವೆ. ಪರವಾನಗಿ ನವೀಕರಿಸುವ ತಾರೀಖನ್ನು ಡೈರಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೂ ಆಯಿತು.